ಕೋಡಿ ಬಿದ್ದ ವರ್ಷದ ರಜೆ

ದಸರೆಯ ರಜೆ ಆರಂಭವಾಯಿತೆಂಬುದನ್ನು ನಾನು ತಿಳಿಯುವುದು ಪಂಚಾಂಗದಿಂದಲ್ಲ, ನಮ್ಮ ಮನೆಯ ಹೊಸ್ತಿಲ ಬಳಿ ಕೂಡಿಬೀಳುವ ಪಾದರಕ್ಷೆಗಳಿಂದ. ವರ್ಷದ ಉಳಿದ ದಿನಗಳಲ್ಲಿ ಅಲ್ಲಿರುವುದು ಎರಡೇ ಜೊತೆ. ರಜೆ ಬಂದಿತೆಂದರೆ ಹದಿನಾಲ್ಕು, ಹದಿನೈದು. ಬೆಳಗಿನ ವಾಯುವಿಹಾರಕ್ಕೆ ಹೊರಟ ನಾನು ನನ್ನ ಹಳೆಯ ಚಪ್ಪಲಿಗಾಗಿ ಹುಡುಕಾಡಿ, ಕಡೆಗೆ ಅಳಿಯನದನ್ನೋ ಮೊಮ್ಮಗನದನ್ನೋ ಮೆಟ್ಟಿಕೊಂಡು ಹೋದದ್ದುಂಟು. ಚಿತ್ರದುರ್ಗದ ಕೋಟೆಯ ಏಳು ಸುತ್ತನ್ನು ದಾಟಿ ಒಳಹೋಗುವುದು ಸುಲಭ, ರಜೆಯಲ್ಲಿ ನಮ್ಮ ಮನೆಯ ಹೊಸ್ತಿಲು ದಾಟುವುದು ಕಷ್ಟ ಎಂದು ನಮ್ಮ ಮನೆಯಾಕೆ ಹೇಳುವುದುಂಟು. ಅದೇ ಉಸಿರಿನಲ್ಲಿ ಆಕೆ ಇನ್ನೊಂದು ಮಾತನ್ನೂ ಸೇರಿಸುತ್ತಾಳೆ: "ನಿಮಗೆಲ್ಲ ರಜ, ನನಗೊಬ್ಬಳಿಗೆ ಎರಡು ಪಾಳಿ." ಈ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಕಾಯಕದ ಬಗ್ಗೆ ಊರೂರು ತಿರುಗಿ ಭಾಷಣ ಮಾಡಿದ ನಿವೃತ್ತ ಉಪಾಧ್ಯಾಯನಾದ ನಾನು ರಜೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸಿಕೊಡುವುದರಾಚೆಗೆ ಹೋಗಿಲ್ಲವೆಂಬುದನ್ನು ಓದುಗ ಬಂಧುಗಳಲ್ಲಿ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನಮ್ಮ ಕುಟುಂಬ ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋದ ಕುಟುಂಬ. ಮೂಲ ಮನೆ ಹೊಳಲ್ಕೆರೆಯ ಕಡೆಯ ಹಳ್ಳಿಯಲ್ಲಿ. ಅಲ್ಲಿ ಅಣ್ಣನವರ ಮಕ್ಕಳು ಅಡಿಕೆ ತೋಟ ನೋಡಿಕೊಂಡಿದ್ದಾರೆ. ಅಕ್ಕನನ್ನು ಕೊಟ್ಟದ್ದು ಹಿರಿಯೂರಿನ ಕಡೆಗೆ, ವಾಣಿವಿಲಾಸ ಸಾಗರದ ನಾಲೆಯ ಅಚ್ಚುಕಟ್ಟಿಗೆ. ತಂಗಿಯನ್ನು ಕೊಟ್ಟದ್ದು ಹೊಸದುರ್ಗದ ಕಡೆಗೆ, ಅದೇ ಜಲಾಶಯದ ಹಿನ್ನೀರಿನ ಅಂಚಿಗೆ. ನಾನು ನೌಕರಿಯ ನಿಮಿತ್ತ ಚಿತ್ರದುರ್ಗಕ್ಕೆ ಬಂದು ನೆಲೆಸಿದವನು. ನಮ್ಮ ನಲ್ಲಿಗೆ ಶಾಂತಿಸಾಗರದಿಂದಲೂ ವಾಣಿವಿಲಾಸ ಸಾಗರದಿಂದಲೂ ನೀರು ಬರುವುದರಿಂದ ನಾನೂ ಆ ಜಲಾಶಯದ ಋಣದಲ್ಲಿರುವವನೇ. ಇಷ್ಟು ವಿವರ ಏಕೆಂದರೆ, ಮುಂದೆ ಹೇಳಹೊರಟಿರುವ 2022ರ ರಜೆಯ ಪ್ರಸಂಗ ಈ ಭೂಗೋಳವಿಲ್ಲದೆ ಅರ್ಥವಾಗುವಂತಹುದಲ್ಲ.

ಹೊಳಲ್ಕೆರೆಯ ಮಕ್ಕಳಿಗೆ ದಸರೆಯ ರಜೆಯೆಂದರೆ ರಜೆಯೇ ಅಲ್ಲ. ಆ ಹೊತ್ತಿಗೆ ಸರಿಯಾಗಿ ಅಡಿಕೆಯ ಕೊಯ್ಲು ಬಂದಿರುತ್ತದೆ. ಮನೆಯ ಮುಂದೆ ಗೊನೆಗಳ ರಾಶಿ, ಹಂಡೆಯಲ್ಲಿ ಕುದಿಯುವ ಚೊಗರು, ರಾತ್ರಿಯೆಲ್ಲ ದೀಪದ ಕೆಳಗೆ ಸುಲಿಯುವವರ ಸಾಲು. ಅಣ್ಣನ ಮೊಮ್ಮಕ್ಕಳು ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಾಗ ಅವರ ಬೆರಳುಗಳು ಕರೆಗಟ್ಟಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ಆ ಕೈಗಳನ್ನು ಬೆರಗಿನಿಂದ ನೋಡಿ, "ಇದು ಮೆಹಂದಿಯಾ?" ಎಂದು ಕೇಳಿದ್ದನು. ಅವರು ನಕ್ಕ ನಗೆಗೆ ಹುಡುಗ ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದ.

ಆದರೆ ಆ ಬೆಂಗಳೂರಿನ ಹುಡುಗನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಲೇಬೇಕು. ಅವನಿಗೆ ಅದರ ಹಿಂದಿನ ವರ್ಷ ಲಿಂಗದೀಕ್ಷೆಯಾಗಿತ್ತು. ಅಲ್ಲಿ ಆರೂಮುಕ್ಕಾಲಿಗೆಲ್ಲ ಶಾಲೆಯ ವಾಹನ ಬಂದು ನಿಲ್ಲುವುದರಿಂದ ಇಷ್ಟಲಿಂಗ ಪೂಜೆ ಎರಡು ನಿಮಿಷಗಳ ಶಾಸ್ತ್ರವಾಗಿ ಬಿಟ್ಟಿತ್ತು. ರಜೆಯಲ್ಲಿ ನನ್ನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಒಂದು ದಿನ ಹದಿನೈದು ನಿಮಿಷ ಕದಲದೆ ಕುಳಿತಿದ್ದ. ಎದ್ದವನು, "ಅಜ್ಜ, ಇವತ್ತು ಟೈಮ್ ಹೋಗಿದ್ದೇ ಗೊತ್ತಾಗಲಿಲ್ಲ" ಎಂದ. ಆಮೇಲೆ ಅದೇ ಅಂಗೈಯಲ್ಲಿ ಮೊಬೈಲು ಹಿಡಿದು ಮೂರು ಗಂಟೆ ಕುಳಿತ, ಆಗಲೂ ಹೊತ್ತು ಹೋದದ್ದು ಅವನಿಗೆ ತಿಳಿಯಲಿಲ್ಲವೆನ್ನಿ.

ಈಗ ಕೋಡಿಯ ವಿಷಯಕ್ಕೆ ಬರೋಣ.

ಮಾರಿಕಣಿವೆಯ ಅಣೆಕಟ್ಟೆಯೆಂದು ನಾವು ಕರೆಯುವ ವಾಣಿವಿಲಾಸ ಸಾಗರ ಮೈಸೂರು ಅರಸರ ಕಾಲದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲಸ ಆರಂಭಗೊಂಡು 1907ರಲ್ಲಿ ಮುಗಿಯಿತು. ಕೆಲಸ ಆರಂಭವಾದಾಗ ರಾಜ್ಯದ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂದಿತು. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಯಲ್ಲಿ ವೇದಾವತಿಯನ್ನು ತಡೆದು, ಸಿಮೆಂಟು ಕಾಣದ ಆ ದಿನಗಳಲ್ಲಿ ಕಲ್ಲು ಗಾರೆಗಳಿಂದಲೇ ಕಟ್ಟಿದ ಕಟ್ಟೆ. ಮೂವತ್ತು ಟಿ.ಎಂ.ಸಿ. ನೀರು ಹಿಡಿಯುತ್ತದೆ. ನೀರು 130 ಅಡಿಗೆ ಬಂದರೆ ಕೋಡಿ. ಆದರೆ ಕಟ್ಟಿದ ಮೇಲೆ ಆ ಕೋಡಿಯ ಮೇಲೆ ನೀರು ಹರಿದದ್ದು 1933ರಲ್ಲಿ ಒಮ್ಮೆ. ಆಮೇಲೆ ಎಂಬತ್ತೊಂಬತ್ತು ವರ್ಷ ಇಲ್ಲ.

ನಮ್ಮ ತಂದೆಯವರು ಆ 1933ರ ಕೋಡಿಯನ್ನು ಕಣ್ಣಾರೆ ಕಂಡಿದ್ದರು. ಆಗ ಅವರಿಗೆ ಒಂಬತ್ತು ವರ್ಷ. ಹೊಳಲ್ಕೆರೆಯ ಕಡೆಯಿಂದ ಎತ್ತಿನ ಗಾಡಿಗಳು ಕಟ್ಟಿಕೊಂಡು, ಬುತ್ತಿಗಂಟು ತುಂಬಿಕೊಂಡು, ಎರಡು ದಿನ ಪ್ರಯಾಣ ಮಾಡಿ ಹೋಗಿದ್ದರಂತೆ. ಪ್ರತಿ ರಜೆಯಲ್ಲೂ ರಾತ್ರಿ ಅಂಗಳದಲ್ಲಿ ಹಾಸಿಗೆ ಬಿಚ್ಚಿದಾಗ ಆ ಕಥೆ. ನೀರಿನ ಸದ್ದಿಗೆ ಎತ್ತುಗಳು ಬೆದರಿ ನಿಂತುಬಿಟ್ಟವು. ಗಾಡಿ ಬಿಚ್ಚಿ ಮೈಲಿ ದೂರ ನಡೆದೇ ಹೋದೆವು. ನಿಮ್ಮಜ್ಜಿ ತನ್ನ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಬಂದಿದ್ದಳು, ತುಂತುರಿಗೆ ಅದು ನೆನೆದು ಹೋಯಿತು. ಹೇಳುವಾಗಲೆಲ್ಲ ನೀರಿನ ಎತ್ತರ ಒಂದಿಷ್ಟು ಏರುತ್ತಿತ್ತು. ನಾವು ಮೂವರೂ ಆ ಕಥೆಯನ್ನು ಪುರಾಣವೆಂದೇ ತಿಳಿದಿದ್ದೆವು. ಏಕೆಂದರೆ ನಾವು ಕಂಡ ಮಾರಿಕಣಿವೆ ಬೇರೆ. ಉಪಾಧ್ಯಾಯನಾಗಿ ನಾನು ಎಷ್ಟು ಬಾರಿ ಮಕ್ಕಳನ್ನು ಪ್ರವಾಸಕ್ಕೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೋ, ಅಷ್ಟು ಬಾರಿಯೂ ನೀರು ಎಲ್ಲೋ ತಳದಲ್ಲಿ. ಗುಡ್ಡದ ಮೇಲಿನಿಂದ ನೋಡಿದರೆ ಜಲಾಶಯ ಭಾರತದ ಭೂಪಟದಂತೆ ಕಾಣುತ್ತದೆಂದು ನಮ್ಮ ಕಡೆ ಹೇಳುತ್ತಾರೆ; ನಾನು ಕಂಡ ವರ್ಷಗಳಲ್ಲಿ ಆ ಭೂಪಟದ ಅಂಚುಗಳೆಲ್ಲ ಒಣಗಿ ಬಿರಿದಿದ್ದವು. ತಂದೆಯವರು 1998ರಲ್ಲಿ ಲಿಂಗೈಕ್ಯರಾದರು. ಎರಡನೆಯ ಕೋಡಿಯನ್ನು ಅವರು ಕಾಣಲಿಲ್ಲ.

2022ರ ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ ಕೋಡಿ ಬಿದ್ದಿತು. ಆ ವರ್ಷದ ಮಳೆಯೂ ಹಾಗೆಯೇ ಇತ್ತು, ಅದರ ಮೇಲೆ ಭದ್ರಾ ಮೇಲ್ದಂಡೆಯ ನಾಲೆಯಿಂದ ಅದಾಗಲೇ ಕೆಲವು ವರ್ಷಗಳಿಂದ ನೀರೂ ಬರುತ್ತಿತ್ತು. ಜಿಲ್ಲೆಗೆ ಜಿಲ್ಲೆಯೇ ಜಾತ್ರೆಯಂತೆ ಹಿರಿಯೂರಿನ ಹಾದಿ ಹಿಡಿಯಿತು. ನಾವು ದಸರೆಯ ರಜೆಗೆಂದು ಕಾದೆವು.

ಅಕ್ಟೋಬರ್ 2ರ ಭಾನುವಾರ ಅಕ್ಕ ಬಂದಳು, ಜೊತೆಗೆ ಅವಳ ಮಗ. ಕೈಯಲ್ಲಿ ಪೇಡೆಯ ಡಬ್ಬಿ. ಅವರ ತೆಂಗಿನ ತೋಟಕ್ಕೆ ಇನ್ನು ಹಲವು ವರ್ಷ ಭಯವಿಲ್ಲವೆಂಬ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅದೇ ಸಂಜೆಯ ಬಸ್ಸಿಗೆ ತಂಗಿಯೂ ಬಂದಳು. ಪ್ರತಿ ವರ್ಷ ಅವಳೊಡನೆ ಒಂದು ಚೀಲ ತೆಂಗಿನಕಾಯಿ ಬರುವುದು ವಾಡಿಕೆ, ಬಸ್ಸಿನ ನಿಲ್ದಾಣಕ್ಕೆ ನಾನೇ ಆಟೋ ತೆಗೆದುಕೊಂಡು ಹೋಗಬೇಕು. ಆ ಸಲ ನಡೆದೇ ಬಂದಳು. ಕೈಚೀಲದಲ್ಲಿ ಆರು ಕಾಯಿ.

ರಾತ್ರಿ ಪಂಕ್ತಿಯಲ್ಲಿ ಹೋಳಿಗೆ ಬಡಿಸಿತ್ತು. ಅಕ್ಕನ ಮಗ ಕೋಡಿಯ ದೃಶ್ಯವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ. ನಾನು ಮನೆಯ ಹಿರಿಯನೆಂಬ ಗತ್ತಿನಲ್ಲಿ, "ಇದು ನಮ್ಮ ಪುಣ್ಯ. ಅಪ್ಪ ಕಂಡದ್ದನ್ನು ನಾವೂ ಕಾಣುವಂತಾಯಿತು" ಎಂದೆ. ತಂಗಿ ಅರ್ಧ ತಿಂದ ಹೋಳಿಗೆಯನ್ನು ಬಿಟ್ಟು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತಟ್ಟೆಯಲ್ಲಿ ಅನ್ನದ ಅಗುಳನ್ನೂ ಬಿಡಬಾರದೆಂಬ ಮನೆಯಲ್ಲಿ ಬೆಳೆದವಳು ಅವಳು. ತೋಟಕ್ಕೆ ನೀರು ಬಂದಿದೆಯೆಂದು ಅವಳು ಫೋನಿನಲ್ಲಿ ಹೇಳಿದ್ದಳು, ನಾನು ಕೇಳಿಸಿಕೊಂಡೂ ಇದ್ದೆ. ಕೆರೆಯ ಹಿಂದಿನ ಗದ್ದೆಗೆ ನೀರು ನುಗ್ಗಿದಂತೆ ನಾಲ್ಕು ದಿನ ನಿಂತು ಇಳಿದೀತೆಂದು ಭಾವಿಸಿದ್ದೆ. ರಾತ್ರಿ ದೀಪವಾರಿಸುವಾಗ ನಮ್ಮ ಮನೆಯಾಕೆ, "ಎಷ್ಟು ಕಾಯಿ ತಂದಿದ್ದಾಳೆ ಎಣಿಸಿದಿರಾ?" ಎಂದು ಕೇಳಿದಳು. ಎಣಿಸಿದ್ದೆ. ಆದರೆ ಆ ಲೆಕ್ಕವನ್ನು ಮನಸ್ಸಿಗೆ ತಂದುಕೊಂಡಿರಲಿಲ್ಲ.

ಮರುದಿನ ಎರಡು ವಾಹನಗಳಲ್ಲಿ ಹೊರಟೆವು. ತಂಗಿ ತಲೆನೋವೆಂದು ಉಳಿದಳು. ಹಿರಿಯೂರನ್ನು ಹಿಂದೆ ಹಾಕಿ ಅಣೆಕಟ್ಟೆಯ ರಸ್ತೆಗೆ ತಿರುಗಿದೊಡನೆ ವಾಹನಗಳ ಸಾಲು. ದೂರದಲ್ಲೇ ಇಳಿದು ನಡೆದೆವು. ಎತ್ತುಗಳು ಬೆದರಿದ ಕಾರಣಕ್ಕಲ್ಲ, ನಿಲ್ಲಿಸಲು ಜಾಗವಿಲ್ಲದ ಕಾರಣಕ್ಕೆ. ಕಣಿವೆ ಮಾರಮ್ಮನ ಗುಡಿಯ ಬಳಿ ಹಣ್ಣುಕಾಯಿಯ ಜನ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಅಂಗಡಿಗಳು, ಅಳುವ ಮಕ್ಕಳು. ಆಮೇಲೆ ಆ ಸದ್ದು. ಕಣಿವೆಯ ಪಕ್ಕದಿಂದ ಬಿಳಿಯ ಹಾಸಿನಂತೆ ಇಳಿದು, ಬಂಡೆಗೆ ತಾಗಿ ಹೊಗೆಯಾಗಿ ಏಳುವ ನೀರು. ತಂದೆಯವರು ಒಂದು ಅಡಿಯನ್ನೂ ಹೆಚ್ಚಿಸಿ ಹೇಳಿರಲಿಲ್ಲವೆಂದು ಆಗ ತಿಳಿಯಿತು. ಬಹಳ ಹೊತ್ತು ನಿಂತೆ. ಕನ್ನಡಕದ ಮೇಲೆ ತುಂತುರು ಕುಳಿತು ಏನೂ ಕಾಣದಂತಾಯಿತು, ಅಕ್ಕನ ಕಣ್ಣೂ ಹಾಗೆಯೇ ಇದ್ದವು, ಅವಳು ಕನ್ನಡಕ ಹಾಕುವವಳಲ್ಲ.

ಬರುವಾಗ ಅಕ್ಕ ಒಂದು ಬಾಟಲಿಯಲ್ಲಿ ಕೋಡಿಯ ನೀರು ತುಂಬಿಕೊಂಡು ಬಂದಳು. ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಮಾತು ಹೊತ್ತಿಕೊಂಡದ್ದು ಅಲ್ಲಿ. ನಾನು ಪಡಸಾಲೆಯಲ್ಲಿ ದಿನಪತ್ರಿಕೆ ಹಿಡಿದು ಕುಳಿತು, ಒಂದೇ ಸಾಲನ್ನು ಹತ್ತು ಬಾರಿ ಓದುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

"ಈ ನೀರು ನಮ್ಮ ಹಿತ್ತಿಲಲ್ಲೇ ಇದೆ ಅಕ್ಕ. ಅಲ್ಲಿಂದ ಹೊತ್ತು ತರೋದು ಬೇಡಾಗಿತ್ತು" ಎಂದಳು ತಂಗಿ.

ಅಕ್ಕ ಸುಮ್ಮನಿರಬಹುದಿತ್ತು. ಇರಲಿಲ್ಲ. "ನಮ್ಮ ತೋಟ ಒಣಗಿ, ಒಂದೊಂದೇ ಮರದ ಸುಳಿ ಬಿದ್ದು, ನಾವು ಟ್ಯಾಂಕರಿನಲ್ಲಿ ನೀರು ಹೊಡೆಸಿದೆವಲ್ಲ, ಆಗ ನೀನು ಬಂದು ಒಂದು ದಿನ ಅತ್ತಿದ್ದೆಯಾ?"

ತಂಗಿ ಅತ್ತಿರಲಿಲ್ಲ. ಆ ವರ್ಷಗಳಲ್ಲಿ ಅವಳ ತೋಟ ಚೆನ್ನಾಗಿತ್ತು. ಚೀಲಗಟ್ಟಲೆ ಕಾಯಿ ನಮ್ಮ ಮನೆಗೆ ಬರುತ್ತಿದ್ದದ್ದು ಆಗಲೇ. ಹಿರಿಯೂರಿನ ತೋಟಗಳಲ್ಲಿ ಮರಗಳು ಕಂಬಗಳಾಗಿ ನಿಂತ ಆ ಬರದ ಕಾಲದಲ್ಲಿ ಅಕ್ಕನೂ ಹಬ್ಬಕ್ಕೆ ಬರಿಗೈಯಲ್ಲಿ ಬಂದಿದ್ದಳು. ನಾವು ಯಾರೂ ಆಗಲೂ ಎಣಿಸಿರಲಿಲ್ಲ. ಇಬ್ಬರ ಮಾತೂ ನ್ಯಾಯವಾದುದೇ. ಒಂದೇ ಕಟ್ಟೆಯ ಈ ಬದಿಗೊಬ್ಬಳು, ಆ ಬದಿಗೊಬ್ಬಳು. ಕೋಡಿಯ ಮಟ್ಟವನ್ನು ತಗ್ಗಿಸಬೇಕೆಂಬುದು ಹೊಸದುರ್ಗದ ಕಡೆಯ ರೈತರ ಬೇಡಿಕೆ. ಒಂದಂಗುಲವೂ ತಗ್ಗಕೂಡದೆಂಬುದು ಹಿರಿಯೂರಿನವರ ಪಟ್ಟು. ಸಭೆ, ಮನವಿ, ಧರಣಿಗಳಲ್ಲಿ ನಡೆಯುತ್ತಿದ್ದ ವಾದ ನಮ್ಮ ಅಡುಗೆಮನೆಗೂ ಬಂದಿತ್ತು. ಹಿನ್ನೀರಿನ ಅಂಚಿನವರನ್ನು ದೂರುವುದೂ ಸಲ್ಲದು. ತಾತನ ಕಾಲದಿಂದ ನೀರು ಬಾರದ ನೆಲದಲ್ಲಿ ಮನುಷ್ಯ ತೋಟ ಮಾಡದೆ ಇನ್ನೇನು ಮಾಡುತ್ತಾನೆ? ಎಂಬತ್ತೊಂಬತ್ತು ವರ್ಷವೆಂದರೆ ಮೂರು ತಲೆಮಾರು.

ಎರಡು ದಿನ ಅವರಿಬ್ಬರೂ ಮಾತಾಡಲಿಲ್ಲ. ಒಬ್ಬಳು ಒಲೆಯ ಬಳಿ ಬಂದರೆ ಇನ್ನೊಬ್ಬಳು ಹಿತ್ತಿಲಿಗೆ. ನಮ್ಮ ಮನೆಯಾಕೆ ಇಬ್ಬರಿಗೂ ಪ್ರತ್ಯೇಕವಾಗಿ ಕಾಫಿ ಕಾಸಿ ಕೊಡಬೇಕಾಯಿತು, ಮೂರನೆಯ ಪಾಳಿ. ಆಯುಧಪೂಜೆಯ ದಿನ ಮಕ್ಕಳು ಸೈಕಲ್ಲುಗಳಿಗೂ ಕಂಪ್ಯೂಟರಿಗೂ ವಿಭೂತಿ ಹಚ್ಚಿ ಗಲಾಟೆ ಮಾಡಿದ್ದರಿಂದ ಮೌನ ಅಷ್ಟಾಗಿ ಕಾಣಿಸಲಿಲ್ಲ.

ವಿಜಯದಶಮಿಯ ಸಂಜೆ ಬನ್ನಿ ತಂದೆವು. ನಮ್ಮಲ್ಲಿ ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಪಾದ ಮುಟ್ಟಬೇಕು. ಇದು ತಪ್ಪಿಸಿಕೊಳ್ಳಲಾಗದ ಸಂಪ್ರದಾಯ. ತಂಗಿ ನನಗೆ ಕೊಟ್ಟಳು, ಅತ್ತಿಗೆಗೆ ಕೊಟ್ಟಳು, ಅಕ್ಕನ ಮುಂದೆ ಬಂದು ನಿಂತಳು. ಬಾಗಿದಳು. ಅಕ್ಕ ಎಪ್ಪತ್ತೈದರ ಮುದುಕಿ, ಮಂಡಿ ಹಿಡಿದುಕೊಂಡಿರುವವಳು. ಅವಳೂ ಕೆಳಗೆ ಬಾಗಹೋಗಿ ಇಬ್ಬರ ತಲೆಯೂ ಢೀ ಕೊಟ್ಟವು. ಮಕ್ಕಳು ನಕ್ಕರು. ಅಕ್ಕ ತಲೆ ಉಜ್ಜಿಕೊಳ್ಳುತ್ತ, "ಎಷ್ಟು ಮರ ನಿಂತಿದೆ ನೀರಲ್ಲಿ?" ಎಂದು ಕೇಳಿದಳು. ನಾನು ಹತ್ತು ದಿನದಿಂದ ಕೇಳಬೇಕಾಗಿದ್ದ ಪ್ರಶ್ನೆ ಅದು.

"ತೆಂಗು ನೂರಾ ಇಪ್ಪತ್ತು. ಅಡಿಕೆ ಲೆಕ್ಕ ಹಾಕಿಲ್ಲ" ಎಂದಳು ತಂಗಿ.

ಅಕ್ಟೋಬರ್ 23ರ ಭಾನುವಾರ, ದೀಪಾವಳಿಯ ನೀರು ತುಂಬುವ ಹಬ್ಬದ ದಿನ, ನಾನೂ ಅಕ್ಕನೂ ಬೆಂಗಳೂರಿನಿಂದ ಮತ್ತೆ ಬಂದಿದ್ದ ಮೊಮ್ಮಗನೂ ಹೊಳಲ್ಕೆರೆಯ ಮೇಲೆ ಹೊಸದುರ್ಗದ ಕಡೆಗೆ ಹೋದೆವು. ಹೊಳಲ್ಕೆರೆಯಲ್ಲಿ ಇಳಿದು ಬಯಲು ಗಣಪತಿಯನ್ನು ನೋಡಬೇಕೆಂದು ಹುಡುಗ ಹಟ ಹಿಡಿದ. ಆ ಗಣಪತಿಯ ಬೆನ್ನಹಿಂದೆ ಹೆಣೆದ ಜಡೆಯಿದೆಯೆಂದು ಯಾರೋ ಅವನಿಗೆ ಹೇಳಿದ್ದರು. ನೋಡಿದ, ಫೋಟೋ ತೆಗೆದುಕೊಂಡ, ಐದು ನಿಮಿಷದಲ್ಲಿ ಹೊರಟೆವು.

ತಂಗಿಯ ತೋಟವನ್ನು ನಾನು ಹೇಗೆ ವರ್ಣಿಸಲಿ? ಮೊದಲ ನೋಟಕ್ಕೆ ಅದು ಚೆಲುವಾಗಿಯೇ ಕಾಣುತ್ತದೆ, ಅದೇ ಅದರ ಕ್ರೌರ್ಯ. ತಿಳಿನೀರಿನ ಮೇಲೆ ಸಾಲುಸಾಲಾಗಿ ತೆಂಗಿನ ಮರಗಳು, ಕೆಳಗೆ ಅವುಗಳ ತಲೆಕೆಳಗಾದ ನೆರಳು, ನಡುವೆ ಬಿಳಿಯ ಕೊಕ್ಕರೆಗಳು. ಹತ್ತಿರ ಹೋದರೆ ಕೊಳೆತ ಬೇರಿನ ವಾಸನೆ. ಪಂಪಿನ ಮನೆಯ ಮಾಡು ಮಾತ್ರ ಹೊರಗಿದೆ. ಅಡಿಕೆಯ ಗರಿಗಳು ಆಗಲೇ ಹಳದಿಗೆ ತಿರುಗಿದ್ದವು. ಮಣ್ಣಿನಲ್ಲಿ ಉಸಿರಾಡುವ ಬೇರಿಗೆ ವಾರಗಟ್ಟಲೆ ನೀರು ನಿಂತರೆ ಗಾಳಿ ಸಿಗುವುದಿಲ್ಲ. ತೆಂಗು ಒಂದಿಷ್ಟು ತಡೆದೀತು, ಅಡಿಕೆ ತಡೆಯದು. ಮೊಮ್ಮಗ ಮೊದಲು, "ಎಷ್ಟು ಚೆನ್ನಾಗಿದೆ!" ಎಂದವನು ತನ್ನ ಚಿಕ್ಕಜ್ಜಿಯ ಮುಖ ನೋಡಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಹೇಳಿಕೊಡದೆ ಅವನು ಮಾಡಿದ ಆ ಕೆಲಸ ನನಗೆ ಹೋಳಿಗೆಗಿಂತ ರುಚಿಸಿತು.

ಸಂಜೆ ಮನೆಯಲ್ಲಿ ಹಂಡೆ, ಕೊಡಗಳನ್ನು ಬೆಳಗಿ, ವಿಭೂತಿಯ ಪಟ್ಟೆ ಬಳಿದು, ಹೂವು ಸುತ್ತಿ ನೀರು ತುಂಬಿದರು. ಹಿತ್ತಿಲ ಬಾಗಿಲು ತೆರೆದರೆ ಆಚೆಗೆ ಕಣ್ಣು ಹರಿಯುವಷ್ಟು ದೂರ ನೀರು. ಆದರೂ ತಂಗಿ ಬೀದಿಯ ನಲ್ಲಿಯಿಂದಲೇ ತುಂಬಿ ತಂದಳು. ಅಕ್ಕ ಒಂದು ಕೊಡ ಹೊತ್ತಳು, ಮಂಡಿಯ ನೋವಿನಲ್ಲೇ.

ಮಂಗಳವಾರ ಸಂಜೆ ಸೂರ್ಯಗ್ರಹಣ ಬಂದಿತ್ತು. ನೆರೆಮನೆಗಳ ಬಾಗಿಲು ಮುಚ್ಚಿದವು, ಒಲೆ ಆರಿತು. ತಂಗಿ ಮಾತ್ರ ಆ ಹೊತ್ತಿಗೇ ಕರ್ಜಿಕಾಯಿ ಕರಿಯಲು ಕುಳಿತಳು. "ಹೋಗೋದೆಲ್ಲ ಹೋಗಿದೆ. ಇನ್ನು ಗ್ರಹಣ ಏನು ತಗೊಂಡು ಹೋಗುತ್ತೆ?" ಎಂದಳು. ಗ್ರಹಣಕ್ಕೂ ಹೊಟ್ಟೆಗೂ ಸಂಬಂಧವಿಲ್ಲವೆಂದು ಮಠದ ಸಭೆಗಳಲ್ಲಿ ಕೇಳಿ ಒಪ್ಪಿಕೊಂಡ ಮನೆತನ ನಮ್ಮದು. ಆದರೆ ಅವಳು ಆ ಮಾತಾಡಿದ್ದು ತತ್ತ್ವಕ್ಕಾಗಿ ಅಲ್ಲ.

ಮರಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ನೀರು ಇಳಿಯುವ ಹೊತ್ತಿಗೆ ಅಡಿಕೆ ಪೂರ್ತಿ ಹೋಗಿತ್ತು. ತೆಂಗಿನಲ್ಲಿ ಎತ್ತರದ ಸಾಲುಗಳು ಉಳಿದವು. ಪರಿಹಾರದ ಅರ್ಜಿ, ಜಂಟಿ ಸಮೀಕ್ಷೆ, ಪಹಣಿ, ಫೋಟೋ ಎಂದು ತಂಗಿಯ ಮಗ ಒಂದು ವರ್ಷ ಅಲೆದ. ಅದನ್ನು ಬರೆಯಲು ಈ ಪುಟಗಳು ಸಾಲವು, ಬರೆದರೆ ನನ್ನ ರಕ್ತದೊತ್ತಡವೂ ಏರುತ್ತದೆ.

2024ರ ದಸರೆಯ ರಜೆಯಲ್ಲಿ ಅಕ್ಕ ತನ್ನ ತೋಟದ ಹಳೆಯ ಮರಗಳ ಬೀಜದ ಕಾಯಿಂದ ಎಬ್ಬಿಸಿದ ನಲವತ್ತು ತೆಂಗಿನ ಸಸಿಗಳನ್ನು ಮಿನಿ ಲಾರಿಯೊಂದರಲ್ಲಿ ಹೇರಿಸಿಕೊಂಡು ಹೊಸದುರ್ಗದ ಕಡೆಗೆ ಹೊರಟಳು. ಹಿರಿಯೂರಿನ ಬರದಲ್ಲಿ ಬದುಕುಳಿದ ಮರಗಳ ಸಂತಾನ, ಗಟ್ಟಿ ತಳಿ ಎಂಬುದು ಅವಳ ಅಂಬೋಣ. ಮೊಮ್ಮಕ್ಕಳ ದಂಡೂ ಜೊತೆಗೆ. ಅಡಿಕೆಯ ಕರೆಯ ಕೈಯವರು ಗುಂಡಿ ತೋಡಿದರು, ಬೆಂಗಳೂರಿನವನು ಅಳತೆಯ ಪಟ್ಟಿ ಹಿಡಿದ. ಎಲ್ಲಿ ನೆಡಬೇಕೆಂಬುದರ ಮೇಲೆ ಅಕ್ಕ ತಂಗಿಯರ ನಡುವೆ ಮತ್ತೆ ಜೋರು ವಾದ. 2022ರ ನೀರಿನ ಗೆರೆ ಕಲ್ಲುಕಟ್ಟೆಯ ಮೇಲೆ ಇನ್ನೂ ಉಳಿದಿತ್ತು. ಅದರಿಂದ ಹತ್ತು ಮಾರು ಮೇಲಕ್ಕೆ ಎಂದು ಅಕ್ಕ. ಅಷ್ಟು ಮೇಲೆ ಹೋದರೆ ಬರೀ ಗರಸು, ಬೇರು ಇಳಿಯದು, ನಾಲ್ಕು ಮಾರು ಸಾಕೆಂದು ತಂಗಿ. ಕೊನೆಗೆ ಆರು ಮಾರಿಗೆ ಒಪ್ಪಂದವಾಯಿತು. ಮಕ್ಕಳು ಅಲ್ಲಿ ಜಾಲಿಯ ಗೂಟಗಳನ್ನು ಬಡಿದರು.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಿತು. ಈ ಬಾರಿ ಸುದ್ದಿ ನನಗೆ ಮೊದಲು ಬಂದದ್ದು ಹಿರಿಯೂರಿನಿಂದಲ್ಲ. ಬೆಳಗಿನ ಪೂಜೆ ಮುಗಿಸಿ ಏಳುವಷ್ಟರಲ್ಲಿ ತಂಗಿಯ ಫೋನು. ನೀರು ಗೂಟಗಳಿಂದ ಕೆಳಗೇ ನಿಂತಿದೆಯೆಂದಳು. ಸಸಿಗಳು ಹೇಗಿವೆಯೆಂದು ಕೇಳಿದೆ.

"ಎರಡು ಹೋದವು ಅಣ್ಣ. ನೀರಿಗಲ್ಲ, ಹಂದಿಗೆ. ಅಕ್ಕನಿಗೆ ಈಗಲೇ ಹೇಳಬೇಡ, ಆರು ಮಾರು ಅಂದಿದ್ದು ತಾನೇ ಅಂತ ಮೊದಲು ಅವಳು ಒಪ್ಪಲಿ."